ಬಿಯರ್‌ನಲ್ಲಿ ಬೂಷ್ಟಿನ ವಿಷ: ನಿಮ್ಮ ಗ್ಲಾಸಿನ ಲೆಕ್ಕ ನೀವೇ ಹಾಕುವುದು ಹೇಗೆ

"ಬಿಯರ್‌ನಲ್ಲಿ ಬೂಷ್ಟಿನ ವಿಷ ಇರುತ್ತಂತೆ, ನಿಜಾನಾ?" ಎಂದು ಗೆಳೆಯನೊಬ್ಬ ಕೇಳಿದ. ಕೇಳುವಾಗ ಅವನ ಕೈಯಲ್ಲಿ ಎರಡನೇ ಮಗ್ ಇತ್ತು. ಇರುತ್ತೆ ಎಂದೆ. ಮಗ್ ಕೆಳಗಿಟ್ಟ. ಎಷ್ಟಿರುತ್ತೆ ಎಂದು ಲೆಕ್ಕ ಹೇಳಿದೆ. ಮತ್ತೆ ಎತ್ತಿಕೊಂಡ. ಆಮೇಲೆ ಅದೇ ಮಗ್‌ನಲ್ಲಿರುವ ಆಲ್ಕೋಹಾಲ್ ಲೆಕ್ಕ ಹೇಳಿದೆ. ಬಿಲ್ ತರಿಸಿದ.

ಆ ಲೆಕ್ಕವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಬಾರ್‌ನಲ್ಲಿ ಕುಡಿಯುವವರು, ಪರದೇಶದಲ್ಲಿದ್ದು ಮನೆಯಲ್ಲೇ ಬಿಯರ್ ಮಾಡುವವರು, ಬ್ರೂವರಿಯಿಂದ ಹಸುವಿಗೆ ಹಿಂಡಿ ತರುವವರು, ಮೂವರಿಗೂ ಇದರಲ್ಲಿ ಏನಾದರೂ ಸಿಗುತ್ತದೆ.

ಹೆಜ್ಜೆ 1: ಬಾಟಲಿಯ ಮೇಲಿನ ಅನುಮಾನ ಬಿಡಿ

ಬೂಷ್ಟು ಎಂದ ಕೂಡಲೇ ಹಳೇ ಬ್ರೆಡ್ಡು, ಮಳೆಗಾಲದ ಉಪ್ಪಿನಕಾಯಿ ಜಾಡಿ ಕಣ್ಣ ಮುಂದೆ ಬರುತ್ತವೆ. ಬಿಯರ್ ಬಾಟಲಿಯನ್ನು ತಿಂಗಳುಗಟ್ಟಲೆ ಇಟ್ಟರೆ ಒಳಗೆ ಬೂಷ್ಟು ಬೆಳೆದು ವಿಷ ಆಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮುಚ್ಚಿದ ಬಾಟಲಿಯಲ್ಲಿ ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ಆಲ್ಕೋಹಾಲ್ ಇದೆ, ಹುಳಿ ಇದೆ. ಬೂಷ್ಟಿಗೆ ಅಲ್ಲಿ ಸಂಸಾರ ಹೂಡಲು ಆಗಲ್ಲ. ವಿಷ ಸೇರುವುದು ಅದಕ್ಕೂ ಬಹಳ ಹಿಂದೆ. ಬಾರ್ಲಿ ಹೊಲದಲ್ಲಿದ್ದಾಗ, ಗೋದಾಮಿನಲ್ಲಿದ್ದಾಗ, ಇಲ್ಲವೇ ಮಾಲ್ಟ್ ಮಾಡಲು ನೆನೆಹಾಕಿ ಮೊಳಕೆ ಬರಿಸುವಾಗ.

ಹಾಗಾಗಿ ಎಕ್ಸ್‌ಪೈರಿ ಡೇಟ್ ನೋಡುವುದರಿಂದ ಈ ವಿಷಯದಲ್ಲಿ ಏನೂ ಗೊತ್ತಾಗಲ್ಲ. ಮೂಸಿ ನೋಡಿದರೂ ಅಷ್ಟೇ. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಗಾಳಿ ತಾಗಿ ಹಳತಾದ ಬಿಯರ್. ಬೆಳಕು ಬಿದ್ದು ಕೆಟ್ಟದ್ದಕ್ಕೆ ಇನ್ನೊಂದು ಕೆಟ್ಟ ನಾತ. ಬೂಷ್ಟಿನ ವಿಷಕ್ಕೆ ಬಣ್ಣ, ರುಚಿ, ವಾಸನೆ ಒಂದೂ ಇಲ್ಲ.

ಒಂದೇ ಒಂದು ಸಣ್ಣ ಸುಳಿವಿದೆ. ತಣ್ಣಗಿದ್ದ, ಅಲುಗಾಡಿಸದ ಬಾಟಲಿಯ ಮುಚ್ಚಳ ತೆಗೆದ ತಕ್ಷಣ ಅರ್ಧ ಬಿಯರ್ ನೊರೆಯಾಗಿ ಉಕ್ಕಿ ಹೊರಗೆ ಬರುವುದುಂಟು. ಫ್ಯುಸೇರಿಯಂ ಎಂಬ ಬೂಷ್ಟು ಬಾರ್ಲಿಗೆ ಹತ್ತಿದ್ದರೆ ಅದು ಬಿಟ್ಟುಹೋದ ಒಂದು ಬಗೆಯ ಪ್ರೋಟೀನು ಹೀಗೆ ಮಾಡಿಸಬಲ್ಲದು. ಅದೇ ಬೂಷ್ಟು ವಿಷವನ್ನೂ ಮಾಡುತ್ತದೆ. ಆದರೆ ಸಕ್ಕರೆ ಜಾಸ್ತಿಯಾದರೂ ಬಿಯರ್ ಉಕ್ಕುತ್ತದೆ. ಉಕ್ಕಿದ್ದೆಲ್ಲ ವಿಷವಲ್ಲ, ಉಕ್ಕದ್ದೆಲ್ಲ ಶುದ್ಧವೂ ಅಲ್ಲ.

ಹೆಜ್ಜೆ 2: ನಾಲ್ಕು ಹೆಸರು ಗುರುತಿಟ್ಟುಕೊಳ್ಳಿ

ಬೂಷ್ಟಿನ ವಿಷಗಳು ನೂರಾರಿವೆ. ಬಿಯರ್ ಮಟ್ಟಿಗೆ ನಾಲ್ಕು ಸಾಕು.

ಡಾನ್. ಪೂರ್ತಿ ಹೆಸರು ಡಿಆಕ್ಸಿನಿವಾಲೆನಾಲ್. ವಾಂತಿ ಮಾಡಿಸುತ್ತದೆ ಎಂದು ವಾಮಿಟಾಕ್ಸಿನ್ ಅಂತಲೂ ಕರೆಯುತ್ತಾರೆ. ಬಾರ್ಲಿ, ಗೋಧಿ ಹೂ ಬಿಡುವ ಹೊತ್ತಿಗೆ ಮಳೆ ಹಿಡಿದರೆ ತೆನೆಗೆ ಫ್ಯುಸೇರಿಯಂ ಹತ್ತುತ್ತದೆ, ಡಾನ್ ಬರುತ್ತದೆ. ಬಿಯರ್‌ನಲ್ಲಿ ಅತಿ ಹೆಚ್ಚು ಸಿಗುವುದು ಇದೇ. ಕ್ಯಾನ್ಸರ್ ತರುತ್ತದೆ ಎನ್ನಲು ಆಧಾರವಿಲ್ಲ. ಹೊಟ್ಟೆ, ಕರುಳು, ರೋಗ ತಡೆಯುವ ಶಕ್ತಿ ಇದರ ಗುರಿ.

ಫ್ಯುಮೋನಿಸಿನ್ ಮೆಕ್ಕೆಜೋಳದ ವಿಷ. ಇದು ನಮಗೆ ದೂರದ ಮಾತಲ್ಲ. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆ ನೋವು, ಭೇದಿ ಕಾಣಿಸಿಕೊಂಡಿತ್ತು. ಹುಡುಕಿದಾಗ ಕಾಳಿನಲ್ಲಿ ಸಿಕ್ಕಿದ್ದು ಫ್ಯುಮೋನಿಸಿನ್.

ಅಫ್ಲಾಟಾಕ್ಸಿನ್ ಎಲ್ಲಕ್ಕಿಂತ ಕೆಟ್ಟದ್ದು. ಕಡಲೆಕಾಯಿ, ಮೆಕ್ಕೆಜೋಳದಲ್ಲಿ ಜಾಸ್ತಿ. ಯಕೃತ್ತಿನ ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾಗಿದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿ ಭಾಗದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹೆಪಟೈಟಿಸ್ ಬಿ ಇರುವವರಿಗೆ ಇದರ ಅಪಾಯ ಹಲವು ಪಟ್ಟು. ಬಿಯರ್‌ಗೆ ಇದು ಬಂದರೆ ಸಾಮಾನ್ಯವಾಗಿ ಬಾರ್ಲಿಯ ಜೊತೆ ಸೇರಿಸುವ ಮೆಕ್ಕೆಜೋಳ ಅಥವಾ ಅಕ್ಕಿಯಿಂದ.

ನಾಲ್ಕನೆಯದು ಆಕ್ರಟಾಕ್ಸಿನ್. ಸರಿಯಾಗಿ ಒಣಗದೆ ಗೋದಾಮು ಸೇರಿದ ಕಾಳಿನಲ್ಲಿ ಬರುತ್ತದೆ. ಮೂತ್ರಪಿಂಡಕ್ಕೆ ಪೆಟ್ಟು.

ಹೆಜ್ಜೆ 3: "ಕುದಿಸ್ತಾರಲ್ಲ, ಸತ್ತು ಹೋಗುತ್ತೆ ಬಿಡಿ" ಎಂಬ ಮಾತನ್ನು ನಂಬಬೇಡಿ

ಕುದಿಸಿದರೆ ಬೂಷ್ಟು ಸಾಯುತ್ತದೆ. ವಿಷ ಜೀವಿಯಲ್ಲವಲ್ಲ, ಅದು ಸಾಯುವುದೆಲ್ಲಿಂದ? ನೀರು ಕುದಿಯುವ ಶಾಖ ಈ ವಿಷಗಳಿಗೆ ಲೆಕ್ಕಕ್ಕಿಲ್ಲ.

ಬಾರ್ಲಿ ಬಿಯರ್ ಆಗುವ ದಾರಿಯಲ್ಲಿ ಡಾನ್ ಏನಾಗುತ್ತದೆ ನೋಡಿ. ಇದು ನೀರಿನಲ್ಲಿ ಕರಗುವ ವಿಷ. ಬಾರ್ಲಿ ನೆನೆಹಾಕಿದ ನೀರು ಚೆಲ್ಲುವಾಗ ಒಂದಷ್ಟು ತೊಳೆದು ಹೋಗುತ್ತದೆ. ಒಳ್ಳೆಯದಾಯಿತು ಎನ್ನುವಷ್ಟರಲ್ಲಿ ಮೊಳಕೆ ಬರಿಸುವ ಹಂತ. ಒದ್ದೆ ಕಾಳು, ಹದವಾದ ಬಿಸುಪು, ನಾಲ್ಕೈದು ದಿನ. ಕಾಳಿಗೆ ಹತ್ತಿದ್ದ ಬೂಷ್ಟಿಗೆ ಇದಕ್ಕಿಂತ ಸುಖ ಬೇಕೇ? ಮತ್ತೆ ಬೆಳೆದು ಮತ್ತೆ ವಿಷ ಮಾಡಬಹುದು. ಆಮೇಲೆ ಮಾಲ್ಟ್ ಒಣಗಿಸಿದರೂ ಅದು ಹೋಗಲ್ಲ. ಮಾಲ್ಟ್ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಸಿಹಿನೀರು ಸೋಸುವಾಗ ಡಾನ್ ಕರಗಿ ಅದರ ಜೊತೆಗೇ ಇಳಿಯುತ್ತದೆ. ಅಲ್ಲಿಂದ ಬಹುಪಾಲು ಗ್ಲಾಸಿನವರೆಗೂ ಬರುತ್ತದೆ.

ಇದರಲ್ಲಿ ಇನ್ನೊಂದು ಕಿಲಾಡಿತನ ಇದೆ. ಬಾರ್ಲಿ ಗಿಡ ತನ್ನನ್ನು ಕಾಪಾಡಿಕೊಳ್ಳಲು ಡಾನ್‌ಗೆ ಒಂದು ಸಕ್ಕರೆಯ ಕಣ ಅಂಟಿಸಿ ಇಟ್ಟಿರುತ್ತದೆ. ಡಾನ್ ಒಂದನ್ನೇ ಹುಡುಕುವ ಪರೀಕ್ಷೆಗೆ ಇದು ಕಾಣಲ್ಲ. ನಮ್ಮ ಕರುಳಿನ ಬ್ಯಾಕ್ಟೀರಿಯಾ ಮಾತ್ರ ಆ ಸಕ್ಕರೆ ಕಿತ್ತು ಡಾನ್ ಅನ್ನು ಮತ್ತೆ ಹೊರಗೆ ಬಿಡುತ್ತವೆ. ಹಾಗಾಗಿ ಈಗ ಎರಡನ್ನೂ ಕೂಡಿಸಿಯೇ ಲೆಕ್ಕ ಹಿಡಿಯುತ್ತಾರೆ.

ಹೆಜ್ಜೆ 4: ಲೆಕ್ಕ ಹಾಕಿ

ಡಾನ್‌ಗೆ ಜಗತ್ತಿನ ತಜ್ಞರು ಒಪ್ಪಿರುವ ಮಿತಿ ದೇಹದ ತೂಕದ ಕಿಲೋಗೆ ದಿನಕ್ಕೆ 1 ಮೈಕ್ರೋಗ್ರಾಂ. ಮೈಕ್ರೋಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗ. ನಿಮ್ಮ ತೂಕ 60 ಕಿಲೋ ಇದ್ದರೆ ದಿನಕ್ಕೆ 60. ಈ ಮಿತಿ ಬದುಕಿನುದ್ದಕ್ಕೂ ದಿನಾ ಒಳಗೆ ಹೋದರೂ ತೊಂದರೆ ಇಲ್ಲ ಎಂಬ ಲೆಕ್ಕದ್ದು. ಒಂದು ದಿನ ದಾಟಿದರೆ ಮಲಗಿಬಿಡುತ್ತೀರಿ ಎಂದಲ್ಲ. ಒಂದೇ ದಿನದ ಮಟ್ಟಿಗೆ ಕಿಲೋಗೆ 8 ಮೈಕ್ರೋಗ್ರಾಂ ಎಂಬ ಬೇರೆ ಅಂಕಿ ಇದೆ. 60 ಕಿಲೋದವರಿಗೆ 480.

ಇನ್ನು ಬಿಯರ್‌ನಲ್ಲಿ ಎಷ್ಟಿರುತ್ತದೆ? ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್‌ನ ಸಂಶೋಧಕರು 47 ದೇಶಗಳ ಸಾವಿರಕ್ಕೂ ಹೆಚ್ಚು ಬಿಯರ್ ತರಿಸಿ ಪರೀಕ್ಷೆ ಮಾಡಿದ್ದರು. 2017ರಲ್ಲಿ ಫಲಿತಾಂಶ ಬಂತು. 406 ಬಿಯರ್‌ಗಳಲ್ಲಿ ಡಾನ್ ಸಿಕ್ಕಿತು. ಅವುಗಳಲ್ಲಿ 73% ಕ್ರಾಫ್ಟ್ ಬಿಯರ್‌ಗಳು, ಅಂದರೆ ಸಣ್ಣ ಬ್ರೂವರಿಗಳು ಮಾಡುವಂಥವು. ಪ್ರಮಾಣ ಲೀಟರಿಗೆ 10ರಿಂದ 475 ಮೈಕ್ರೋಗ್ರಾಂವರೆಗೆ. ಅವರು ಹೆಚ್ಚಾಗಿ ಆರಿಸಿಕೊಂಡಿದ್ದೇ ಕ್ರಾಫ್ಟ್ ಬಿಯರ್ ಎಂಬುದನ್ನೂ ನೆನಪಿಡಿ. ಈ ಅಂಕಿಗಳನ್ನು ತಂದು ಎಲ್ಲ ಬಿಯರ್‌ಗೂ ಹಚ್ಚಬಾರದು.

ಸೂತ್ರ ಸರಳ. ಕುಡಿದ ಲೀಟರ್ ಗುಣಿಸು ಲೀಟರಿಗೆ ಇರುವ ವಿಷ. ಬಂದದ್ದನ್ನು ನಿಮ್ಮ ದಿನದ ಮಿತಿಗೆ ಹೋಲಿಸಿ.

ಲೀಟರಿಗೆ 10 ಇರುವ ಬಿಯರ್, 650 ಎಂಎಲ್ ಬಾಟಲಿ. 0.65 ಗುಣಿಸು 10, ಅಂದರೆ 6.5. ಮಿತಿಯ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಈಗ ಆ ಪರೀಕ್ಷೆಯಲ್ಲಿ ಸಿಕ್ಕ ಅತಿ ಕೆಟ್ಟ ಬಿಯರ್ ತೆಗೆದುಕೊಳ್ಳಿ. 330 ಎಂಎಲ್ ಸಣ್ಣ ಬಾಟಲಿಯಲ್ಲೇ ಸುಮಾರು 157. ದಿನದ ಮಿತಿಯ ಎರಡೂವರೆ ಪಟ್ಟಿಗಿಂತ ಜಾಸ್ತಿ. ಆದರೂ ಒಂದು ದಿನದ 480ರ ಗೆರೆ ಮುಟ್ಟಲು ಅದನ್ನೇ ಒಂದು ಲೀಟರ್ ಕುಡಿಯಬೇಕು. ಒಂದು ಲೀಟರ್ ಬಿಯರ್ ಕುಡಿದು ವಾಂತಿಯಾದರೆ ಡಾನ್ ಮೇಲೆ ದೂರು ಹಾಕುವುದು ಕಷ್ಟ.

ಬಿಯರ್ ಒಂದನ್ನೇ ಎಣಿಸಿದರೆ ಲೆಕ್ಕ ಮುಗಿಯಲ್ಲ. ಚಪಾತಿ, ಬ್ರೆಡ್ಡು, ರವೆಯಲ್ಲೂ ಡಾನ್ ಇರಬಹುದು. ನಮ್ಮ ದೇಶದಲ್ಲಿ ಗೋಧಿಗೆ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಇಟ್ಟಿರುವ ಮಿತಿ ಕಿಲೋಗೆ 1000 ಮೈಕ್ರೋಗ್ರಾಂ. ಆ ಅಂಚಿನಲ್ಲಿರುವ ಗೋಧಿಯ 200 ಗ್ರಾಂ ಹಿಟ್ಟು ತಿಂದರೆ 200 ಮೈಕ್ರೋಗ್ರಾಂ ಒಳಗೆ ಹೋದಂತೆ. ಎಲ್ಲ ಗೋಧಿಯೂ ಅಷ್ಟು ಕೆಟ್ಟಿರಲ್ಲ, ಹೆದರಿ ಚಪಾತಿ ಬಿಡಬೇಡಿ. ಡಾನ್ ವಿಷಯದಲ್ಲಿ ಬಿಯರ್‌ಗಿಂತ ದಿನಾ ತಿನ್ನುವ ಹಿಟ್ಟೇ ದೊಡ್ಡ ಪಾಲುದಾರ ಆಗಿರಬಹುದು ಎಂದು ತೋರಿಸಲು ಹೇಳಿದೆ.

ಕೊನೆಗೆ ನನ್ನ ಗೆಳೆಯನಿಗೆ ಬಿಲ್ ತರಿಸಿದ ಲೆಕ್ಕ. 650 ಎಂಎಲ್ ಬಾಟಲಿ, 8% ಸ್ಟ್ರಾಂಗ್ ಬಿಯರ್. ಅದರಲ್ಲಿ 52 ಎಂಎಲ್ ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 41 ಗ್ರಾಂ. ಕ್ಯಾನ್ಸರ್ ತರುವುದು ಖಚಿತ ಎನ್ನುವ ಪಟ್ಟಿಗೆ ಆಲ್ಕೋಹಾಲುಳ್ಳ ಪಾನೀಯಗಳು 1988ರಲ್ಲೇ ಸೇರಿವೆ. ಅಫ್ಲಾಟಾಕ್ಸಿನ್ ಇರುವುದೂ ಅದೇ ಪಟ್ಟಿಯಲ್ಲಿ. ಒಂದು ಕಡೆ ಮೈಕ್ರೋಗ್ರಾಂ, ಇನ್ನೊಂದು ಕಡೆ ಗ್ರಾಂ. ಬೂಷ್ಟಿನ ವಿಷಕ್ಕೆ ಹೆದರಿ ಬ್ರ್ಯಾಂಡ್ ಬದಲಿಸುವವರು ಬಾಟಲಿಗಳ ಸಂಖ್ಯೆಯನ್ನೂ ಒಮ್ಮೆ ಎಣಿಸಿದರೆ ಒಳ್ಳೆಯದು.

ಹೆಜ್ಜೆ 5: ಬಾರ್‌ನಲ್ಲಿ, ಅಂಗಡಿಯಲ್ಲಿ ಏನು ನೋಡಬೇಕು

ಲೇಬಲ್ ಮೇಲೆ ಡಾನ್ ಎಷ್ಟು ಎಂದು ಯಾರೂ ಬರೆಯಲ್ಲ. ಯುರೋಪಿನಲ್ಲಿ ಕೂಡ ಡಾನ್ ಮಿತಿ ಇರುವುದು ಕಾಳಿಗೆ, ಹಿಟ್ಟಿಗೆ, ಬ್ರೆಡ್ಡಿಗೆ. ಬಿಯರ್‌ಗೆ ಅಂತ ಇಲ್ಲ. ಹಾಗಾಗಿ ನೀವು ಬಿಯರ್‌ನ ಬಗೆ ನೋಡಿ ಅಂದಾಜು ಮಾಡಬೇಕು.

ಒಂದು ಲೀಟರಿಗೆ ಎಷ್ಟು ಮಾಲ್ಟ್ ಬಿದ್ದಿದೆ ಎಂಬುದೇ ಮುಖ್ಯ. ಇಂಪೀರಿಯಲ್ ಸ್ಟೌಟ್ ಎನ್ನುವ ಕಪ್ಪು, ಗಟ್ಟಿ ಬಿಯರ್‌ಗೆ ಮಾಮೂಲಿ ಲಾಗರ್‌ಗಿಂತ ಸುಮಾರು ಎರಡು ಪಟ್ಟು ಮಾಲ್ಟ್ ಬೇಕು. ವಾಗೆನಿಂಗನ್ ಪರೀಕ್ಷೆಯಲ್ಲಿ 83% ಇಂಪೀರಿಯಲ್ ಸ್ಟೌಟ್‌ಗಳಲ್ಲಿ ಯಾವುದಾದರೊಂದು ಬೂಷ್ಟಿನ ವಿಷದ ಸುಳಿವು ಸಿಕ್ಕಿದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಇನ್ನೊಂದು ತಮಾಷೆ ನೋಡಿ. ಅಕ್ಕಿ, ಸಕ್ಕರೆ ಬೆರೆಸಿದ ಬಿಯರ್ ಎಂದರೆ ಬಿಯರ್ ಪ್ರಿಯರು ಮೂಗು ಮುರಿಯುತ್ತಾರೆ. ಡಾನ್ ಮಟ್ಟಿಗೆ ಆ ಬೆರಕೆಯೇ ವಿಷವನ್ನು ತೆಳುವಾಗಿಸುತ್ತದೆ. ಮೆಕ್ಕೆಜೋಳ ಬೆರೆಸಿದ್ದರೆ ಬೇರೆ ಮಾತು. ಅಲ್ಲಿ ಫ್ಯುಮೋನಿಸಿನ್, ಅಫ್ಲಾಟಾಕ್ಸಿನ್ ನೋಡಬೇಕು.

ಭಾರತದ ಬಾರ್ಲಿ ಹಿಂಗಾರು ಬೆಳೆ. ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶದ ಬಯಲಿನಲ್ಲಿ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಕೊಯ್ಲು ಆಗುತ್ತದೆ. ತೆನೆಯಲ್ಲಿ ಫ್ಯುಸೇರಿಯಂ ಹಬ್ಬಲು ಇದು ಅಷ್ಟು ಅನುಕೂಲದ ಕಾಲವಲ್ಲ. ನಮ್ಮಲ್ಲಿ ಭಯ ಇರಬೇಕಾದದ್ದು ಕೊಯ್ಲಿನ ಮೇಲಲ್ಲ, ಮಳೆಗಾಲದ ಗೋದಾಮಿನ ಮೇಲೆ. ಹೊರದೇಶದ ಮಾಲ್ಟ್ ತರಿಸುವ ಮೈಕ್ರೋಬ್ರೂವರಿಗಳು ಆಯಾ ದೇಶದ ಹವಾಮಾನವನ್ನೂ ಜೊತೆಗೇ ತರಿಸಿಕೊಂಡಂತೆ. ಅಮೆರಿಕದ ರೆಡ್ ರಿವರ್ ಕಣಿವೆಯಲ್ಲಿ 1993ರಲ್ಲಿ ಮಳೆ ಹಿಡಿದು ಗೋಧಿ, ಬಾರ್ಲಿ ತೆನೆಗಳಿಗೆಲ್ಲ ಫ್ಯುಸೇರಿಯಂ ರೋಗ ಹಬ್ಬಿತ್ತು. ಆಮೇಲೆ ಬಿಯರ್ ಕಂಪನಿಗಳು ಬಾರ್ಲಿಗಾಗಿ ಪಶ್ಚಿಮದ ಒಣ ರಾಜ್ಯಗಳ ಕಡೆ ಮುಖ ಮಾಡಿದವು. ಆ ಕಣಿವೆಯ ಮಿನೆಸೋಟ ರಾಜ್ಯದ ರೈತರ ಬಾರ್ಲಿ ವ್ಯಾಪಾರ ಮತ್ತೆ ಮೊದಲಿನಂತೆ ಆಗಲೇ ಇಲ್ಲ.

ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಕೂತಾಗ ಬ್ರೂವರ್ ಮಾತಿಗೆ ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: "ಮಾಲ್ಟ್ ಜೊತೆ ಟೆಸ್ಟ್ ರಿಪೋರ್ಟ್ ಬರುತ್ತಾ, ಅದರಲ್ಲಿ ಡಾನ್ ಇದೆಯಾ?" ಒಳ್ಳೆಯ ಬ್ರೂವರ್ ಖುಷಿಯಿಂದ ಉತ್ತರ ಕೊಡುತ್ತಾರೆ. ಸಿಡುಕಿದರೆ ಅದೂ ಒಂದು ಉತ್ತರವೇ.

ಹೆಜ್ಜೆ 6: ಮನೆಯಲ್ಲಿ ಬಿಯರ್ ಮಾಡುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆಯಡಿ ಅಪರಾಧ. ಈ ಭಾಗ ಅದಕ್ಕೆ ಅವಕಾಶ ಇರುವ ದೇಶಗಳಲ್ಲಿ ನೆಲೆಸಿರುವವರಿಗೆ.

ಮಾಲ್ಟ್ ಮಾರುವವರಲ್ಲಿ ಆ ಲಾಟ್‌ನ ರಿಪೋರ್ಟ್ ಕೇಳಿ. ಸಿಒಎ (ಸರ್ಟಿಫಿಕೇಟ್ ಆಫ್ ಅನಾಲಿಸಿಸ್) ಎಂದರೆ ಅವರಿಗೆ ಗೊತ್ತಾಗುತ್ತದೆ. ಅದರಲ್ಲಿ ಡಾನ್ ಪಿಪಿಎಂನಲ್ಲಿ (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕ) ಇದ್ದರೆ ಸಾವಿರದಿಂದ ಗುಣಿಸಿ, ಕಿಲೋಗೆ ಎಷ್ಟು ಮೈಕ್ರೋಗ್ರಾಂ ಎಂದು ಸಿಗುತ್ತದೆ. 0.5 ಪಿಪಿಎಂ ಎಂದರೆ ಕಿಲೋಗೆ 500. ನೀವು 20 ಲೀಟರ್ ಬಿಯರ್‌ಗೆ 5 ಕಿಲೋ ಮಾಲ್ಟ್ ಹಾಕಿದರೆ ಒಟ್ಟು 2500. ಎಲ್ಲವೂ ಇಳಿದು ಬಂತು ಎಂದೇ ಇಟ್ಟುಕೊಂಡರೆ ಲೀಟರಿಗೆ 125. 330 ಎಂಎಲ್ ಗ್ಲಾಸಿನಲ್ಲಿ 41. ಅದೇ ಮಾಲ್ಟ್ 9 ಕಿಲೋ ಹಾಕಿ ಸ್ಟೌಟ್ ಮಾಡಿದರೆ ಲೀಟರಿಗೆ 225, ಗ್ಲಾಸಿಗೆ 74. ಅರವತ್ತು ಕಿಲೋದವರ ಮಿತಿ ಒಂದೇ ಗ್ಲಾಸಿಗೆ ದಾಟಿತು. ಸ್ಟೌಟ್ ಮಾಡುವ ಆಸೆ ಇದ್ದರೆ ಒಳ್ಳೆಯ ಮಾಲ್ಟ್ ಕೊಳ್ಳಲು ಜಿಪುಣತನ ಬೇಡ.

ಪುಡಿ ಮಾಡಿದ ಮಾಲ್ಟ್‌ಗಿಂತ ಇಡೀ ಕಾಳು ತನ್ನಿ. ಒಂದು ಹಿಡಿ ಬಿಳಿ ತಟ್ಟೆ ಮೇಲೆ ಹರಡಿ, ನಮ್ಮಲ್ಲಿ ಅಕ್ಕಿ ಆರಿಸುತ್ತಾರಲ್ಲ ಹಾಗೆ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಕಲೆ, ಮುರುಟಿದ ಕಾಳು, ಮುಗ್ಗಲು ವಾಸನೆ ಕಂಡರೆ ವಾಪಸ್ ಕೊಡಿ. ಕೆಟ್ಟ ಕಾಳನ್ನಷ್ಟೇ ಆರಿಸಿ ಉಳಿದದ್ದು ಬಳಸೋಣ ಎನ್ನಬೇಡಿ, ಚೆನ್ನಾಗಿ ಕಾಣುವ ಕಾಳಿನಲ್ಲೂ ವಿಷ ಇರಬಹುದು. ಒಳ್ಳೆಯ ಮಾಲ್ಟ್‌ನಲ್ಲಿ ತೇವ 4-5% ಮಾತ್ರ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಅಷ್ಟೇ ಉಳಿಯುತ್ತದೆ. ಗ್ಯಾರೇಜಿನ ಒದ್ದೆ ನೆಲದ ಮೇಲೆ ಬಾಯಿ ಬಿಚ್ಚಿದ ಚೀಲ ಇಟ್ಟರೆ ಉಳಿಯಲ್ಲ.

ಹುದುಗುತ್ತಿರುವ ಬಿಯರ್ ಮೇಲೆ ಕಂದು ಬಣ್ಣದ ನೊರೆಗಟ್ಟಿದ್ದರೆ ಅದು ಯೀಸ್ಟ್ ಕೆಲಸ, ಸಹಜ. ಹಸಿರು, ಕಪ್ಪು, ಇಲ್ಲವೇ ಹತ್ತಿಯಂಥ ರೋಮ ಬಂದಿದ್ದರೆ ಬೂಷ್ಟು. ಮೇಲಿನದನ್ನು ಚಮಚದಲ್ಲಿ ತೆಗೆದು ಉಳಿಸಿಕೊಳ್ಳಲು ಹೋಗಬೇಡಿ. ಇಪ್ಪತ್ತು ಲೀಟರ್ ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲಿ.

ಹೆಜ್ಜೆ 7: ನಿಜವಾದ ಅಪಾಯ ಎಲ್ಲಿದೆ ಎಂದು ತಿಳಿದಿರಿ

ಕಂಪನಿ ಬಿಯರ್ ಕುಡಿಯುವವರಿಗಿಂತ ಹೆಚ್ಚು ಪೆಟ್ಟು ತಿನ್ನುವವರು ಬೇರೆ ಇದ್ದಾರೆ. ದಕ್ಷಿಣ ಆಫ್ರಿಕದ ಈಸ್ಟರ್ನ್ ಕೇಪ್ ಕಡೆ ಖೋಸಾ ಜನ ಮೆಕ್ಕೆಜೋಳದಿಂದ ಉಮ್ಕೊಂಬೋತಿ ಎಂಬ ಮಂದ ಬಿಯರ್ ಮಾಡುತ್ತಾರೆ. ಒಳ್ಳೆಯ ತೆನೆ ಊಟಕ್ಕೆ, ಬೂಷ್ಟು ಹಿಡಿದದ್ದು ಬಿಯರ್‌ಗೆ ಎಂದು ಬೇರೆ ಮಾಡುವ ರೂಢಿ ಅಲ್ಲಿತ್ತು. ಬಡತನದ ಲೆಕ್ಕದಲ್ಲಿ ಅದು ಸರಿಯೇ, ಯಾವುದನ್ನೂ ಎಸೆಯುವಂತಿಲ್ಲವಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಬಿಯರ್‌ಗಳಲ್ಲಿ ಸರಾಸರಿ ಲೀಟರಿಗೆ 369 ಮೈಕ್ರೋಗ್ರಾಂ ಫ್ಯುಮೋನಿಸಿನ್ ಸಿಕ್ಕಿತ್ತು. ಇದರ ಮಿತಿ ಕಿಲೋಗೆ 2 ಮೈಕ್ರೋಗ್ರಾಂ, 60 ಕಿಲೋದವರಿಗೆ 120. ಒಂದು ಲೀಟರಿಗೇ ಮೂರು ಪಟ್ಟು. ಅಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚು, ಆ ಸಂಬಂಧವನ್ನು ಸಂಶೋಧಕರು ದಶಕಗಳಿಂದ ಹುಡುಕುತ್ತಿದ್ದಾರೆ.

ಮೊಜಾಂಬಿಕ್‌ನ ಚಿತಿಮಾ ಎಂಬಲ್ಲಿ 2015ರ ಜನವರಿಯಲ್ಲಿ ಸಾವಿನ ಮನೆಯಲ್ಲಿ ಕೊಟ್ಟ ನಾಡ ಬಿಯರ್ ಕುಡಿದು 75 ಜನ ಸತ್ತರು. ಮೊಸಳೆ ಪಿತ್ತ ಬೆರೆಸಿದ್ದಾರೆ ಎಂದು ಮೊದಲು ಗುಲ್ಲೆದ್ದಿತು. ಕೊನೆಗೆ ಸಿಕ್ಕಿದ್ದು ಹಾಳಾದ ಮೆಕ್ಕೆಜೋಳದ ಹಿಟ್ಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ವಿಷ. ಅದು ಬೂಷ್ಟಿನದ್ದಲ್ಲ, ಆದರೆ ದಾರಿ ಅದೇ.

ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಕೊಯ್ಲಿನ ಹೊತ್ತಿಗೆ ಹಿಂಗಾರು ಮಳೆ ಹಿಡಿದರೆ ರಸ್ತೆ ಮೇಲೆ ಒಣಹಾಕಿದ ರಾಶಿ ಬಣ್ಣ ಬದಲಿಸುವುದನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಊಟಕ್ಕೆ ಬೇಡವಾದ ಕಾಳು ಕುಡಿಯಲೂ ಬೇಡ.

ಹೆಜ್ಜೆ 8: ಹಸುವಿಗೆ ಬಿಯರ್ ವೇಸ್ಟ್ ಹಾಕುವವರಿಗೆ

ಬಿಯರ್ ಸೋಸಿದ ಮೇಲೆ ಉಳಿಯುವ ಹಿಂಡಿಯನ್ನು ಬ್ರೂವರಿಗಳಿಂದ ತಂದು ಹಸುವಿಗೆ ಹಾಕುವವರಿದ್ದಾರೆ. ಒಳ್ಳೆಯ ಮೇವೇ, ಪ್ರೋಟೀನ್ ಚೆನ್ನಾಗಿದೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ನೀರು. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಮೇಲೆ ಬೂಷ್ಟು ಬಂದುಬಿಡುತ್ತದೆ. ಅಫ್ಲಾಟಾಕ್ಸಿನ್ ಹಸುವಿನ ಹೊಟ್ಟೆಗೆ ಹೋದರೆ ಅದರ ಒಂದು ಪಾಲು ಬೇರೆ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಅದಕ್ಕೆ ನಮ್ಮ ದೇಶದ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಬಹಳ ಬಿಗಿ, ಯಾಕೆಂದರೆ ಹಾಲು ಕುಡಿಯುವವರು ಮಕ್ಕಳು.

ಹಾಗಾಗಿ ಎರಡು ದಿನಕ್ಕೆ ಆಗುವಷ್ಟೇ ತನ್ನಿ. ಜಾಸ್ತಿ ತಂದರೆ ಡ್ರಮ್ಮಿಗೆ ತುಳಿದು ತುಂಬಿ, ಗಾಳಿ ಹೋಗದಂತೆ ಪ್ಲಾಸ್ಟಿಕ್ ಕಟ್ಟಿ, ಸೈಲೇಜ್ ಮಾಡುವ ಹಾಗೆ. ಬಾಯಿ ತೆಗೆದಾಗ ಮೇಲೆ ಬಣ್ಣ ಬಂದಿದ್ದರೆ ಆ ಪದರವನ್ನಷ್ಟೇ ಅಲ್ಲ, ಅದರ ಕೆಳಗಿನ ಒಂದು ಗೇಣನ್ನೂ ತೆಗೆದು ತಿಪ್ಪೆಗೆ ಹಾಕಿ. ಹಂದಿ ಸಾಕಿದವರು ಇನ್ನೂ ಹುಷಾರಾಗಿರಬೇಕು. ಹಂದಿಗಳಿಗೆ ಡಾನ್ ತಾಳಿಕೊಳ್ಳಲು ಆಗಲ್ಲ, ಮೇವು ಮುಟ್ಟುವುದನ್ನೇ ಬಿಡುತ್ತವೆ. ಫ್ಯುಸೇರಿಯಂ ಮಾಡುವ ಜಿಯರಲೆನೋನ್ ಎಂಬ ಇನ್ನೊಂದು ವಿಷ ಬಿಯರ್‌ಗೆ ಅಷ್ಟಾಗಿ ಇಳಿಯದೆ ಹಿಂಡಿಯಲ್ಲೇ ಉಳಿಯುತ್ತದೆ. ಹೆಣ್ಣು ಮರಿಗಳ ಯೋನಿ ಬೆದೆಗೆ ಬಂದಂತೆ ಊದಿಕೊಂಡಿದ್ದರೆ ಅವತ್ತೇ ಆ ಹಿಂಡಿ ನಿಲ್ಲಿಸಿ, ಪಶು ವೈದ್ಯರಿಗೆ ತೋರಿಸಿ. ಹೋಗುವಾಗ ಹಿಂಡಿಯ ಒಂದು ಹಿಡಿಯನ್ನೂ ಪೊಟ್ಟಣ ಕಟ್ಟಿಕೊಂಡು ಹೋಗಿ.